ಗುರುತು ತೋರಿಸೆಂದರೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸಿನಲ್ಲಿ ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಕದಲ್ಲಿ ಬಂದು ಕುಳಿತ. ಕೈಯಲ್ಲಿ ತಾಯಿಯ ಔಷಧದ ಚೀಲ. ಮುದಗಲ್ಲಿನ ಗೆಳೆಯನೊಡನೆ ಚರ್ಚಿಗೆ ಹೋಗಿಬರುತ್ತಿದ್ದಾನಂತೆ. ಹದಿನಾರನೆಯ ಶತಮಾನದಲ್ಲಿ ಗೋವೆಯ ಪಾದ್ರಿಗಳು ಬಂದಂದಿನಿಂದ ಕ್ರೈಸ್ತರಿರುವ ಊರದು.

“ಅವ್ವಗ ಆರಾಮಾದ್ರ ಯೇಸುನ್ನ ನಂಬ್ತೀನ್ರಿ ಸರ್. ಮೊದ್ಲು ಗುರುತು ತೋರಿಸ್ಲಿ. ಹಿಂಗ ಕೇಳೋದು ತಪ್ಪೇನ್ರಿ?” ಎಂದ.

ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವವಳೂ ಬಾರಿಸಿ ನೋಡುತ್ತಾಳೆ. ಯೇಸುವಿನ ಶಿಷ್ಯನಾದ ತೋಮನೇ ಗಾಯವನ್ನು ಮುಟ್ಟಿ ನೋಡಿದ ಹೊರತು ನಂಬೆನೆಂದು ಹಟ ಹಿಡಿದನಲ್ಲವೆ? ಆದರೆ ತೋಮನು ಆ ಗುರುವಿನ ಜೊತೆ ನಡೆದವನು, ಉಂಡವನು, ಕಳೆದುಕೊಂಡು ನೊಂದವನು. ನಮ್ಮ ಹುಡುಗ ಇನ್ನೂ ಬಾಗಿಲ ಹೊರಗೆ ನಿಂತು ಕರಾರು ಬರೆಯುತ್ತಿದ್ದಾನೆ.

ಕರಾರೆಂದೊಡನೆ ಅಬ್ಬಲೂರು ನೆನಪಾಯಿತು. ಹಾವೇರಿ ಜಿಲ್ಲೆಯ ಆ ಊರಿನ, ಸುಮಾರು 1200ರ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ತಲೆಯನ್ನರಿದು ಶಿವನಿಗೊಪ್ಪಿಸಿ ಮರಳಿ ಪಡೆದರೆ ಜಿನಬಿಂಬವನ್ನು ಕಿತ್ತು ಶಿವನನ್ನು ಸ್ಥಾಪಿಸುತ್ತೇವೆಂದು ಜೈನರು ಓಲೆ ಬರೆದುಕೊಟ್ಟರಂತೆ. ಏಳು ದಿನಕ್ಕೆ ತಲೆ ಕೂಡಿತಂತೆ. ಜೈನರು ಒಪ್ಪಿದರೆ? ಇಲ್ಲ, ವ್ಯಾಜ್ಯ ಬಿಜ್ಜಳನ ಮುಂದೆ ಹೋಯಿತು. ಗೆದ್ದವರು ಕೆತ್ತಿಸಿದ ಕಥೆಯಿದು, ನಿಜ. ಆದರೂ ಪುರಾವೆ ಕಣ್ಣೆದುರು ನಿಂತಾಗಲೂ ನಂಬಿಕೆ ಹುಟ್ಟಲಿಲ್ಲವೆಂದು ಗೆದ್ದವರೇ ಬರೆದಿದ್ದಾರೆ.

ಪರರ ಮಾತೇಕೆ? ನನ್ನ ತಂದೆ ಹಾಸಿಗೆ ಹಿಡಿದಾಗ ನಾನೂ ಹೀಗೆಯೇ ಹರಕೆ ಹೊತ್ತಿದ್ದೆ. ತಂದೆ ಎದ್ದು ಓಡಾಡಿದರು. ಡಾಕ್ಟರ ಕೈಗುಣವೆಂದುಕೊಂಡೆ, ಹರಕೆ ಮರೆತೆ. ದೇವರು ಗುರುತು ತೋರಿದ್ದರೂ ಅದನ್ನು ಕಾಣುವ ಕಣ್ಣು ನನಗಿರಲಿಲ್ಲ.

ಅಷ್ಟರಲ್ಲಿ ಮಸ್ಕಿಯ ಗುಡ್ಡ ಕಂಡಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಕಂಡ. ಬುದ್ಧನನ್ನು ನಂಬಿ ಎರಡೂವರೆ ವರ್ಷ ಮೀರಿತು, ಸಂಘದ ಬಳಿ ಹೋಗಿ ಶ್ರಮಿಸಿದೆ, ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂಬುದು ಅದರ ತಾತ್ಪರ್ಯ. ಇದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯವೆಂದೂ ಹೇಳುತ್ತದೆ. ಬುದ್ಧನ ಮಾರ್ಗದ ಮಾತನ್ನು ಕ್ರಿಸ್ತನ ಬಾಗಿಲಿಗೆ ಒಯ್ಯಬಹುದೆ ಎಂದು ಪಂಡಿತರು ಬೇಕಾದರೆ ಕೇಳಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿಯ ಕ್ರಮ. ಮನುಷ್ಯ ಮೊದಲು ನಡೆದ; ದೇವತೆಗಳು ಆಮೇಲೆ ಬಂದರು.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಸುಮ್ಮನೆ ಕೇಳಿದ. ಕೊನೆಗೆ ನಾನೇ, “ಅವ್ವನಿಗೆ ಆರಾಮಾಗದೆ ಹೋದರೆ ಚರ್ಚಿಗೆ ಹೋಗುವುದನ್ನು ಬಿಡುತ್ತೀಯೇನಪ್ಪ?” ಎಂದೆ.

ಬಹಳ ಹೊತ್ತು ಮಾತಾಡಲಿಲ್ಲ. ಬಸ್ಸು ನಿಂತಾಗ, “ಬಿಡಾಕ ಆಗಂಗಿಲ್ಲ ಅನಸ್ತದ್ರಿ,” ಎಂದು ತನಗೆ ತಾನೇ ಹೇಳಿಕೊಂಡಂತೆ ನುಡಿದು, ಔಷಧದ ಚೀಲ ಹಿಡಿದು ಮಸ್ಕಿಯಲ್ಲಿ ಇಳಿದ.