ತೊಟ್ಟಿಕ್ಕುವ ತೂತು

ನಮ್ಮ ಅಂಬಾಸಿಡರನ್ನು ಮಾರುವ ಮಾತಾಗಿತ್ತು. 2014ರಲ್ಲಿ ತಯಾರಿಕೆಯೇ ನಿಂತ ಗಾಡಿ. ಕೇಳುವವರು ಬಂದದ್ದೇ ಹೆಚ್ಚು. ಭಾನುವಾರ ಅವರು ಬರಬೇಕು, ಶುಕ್ರವಾರ ರಂಗೋಲಿಗೆಂದು ಹೋದರೆ ಕಾರಿನ ಮೂತಿಯಡಿ ಅಂಗೈಯಗಲ ನೀರು. ವಾಟರ್ ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತಂತೆ. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ತೊಟ್ಟಿಕ್ಕಲೆಂದು ಮಾಡಿದವರೇ ಬಿಟ್ಟದ್ದು.

"ಎಂಸೀಲ್ ಮೆತ್ತಿದರೆ ಭಾನುವಾರ ಕಳೆಯುತ್ತೆ" ಎಂದರು ನಮ್ಮವರು. ಆಮೇಲೆ? ಬೇರಿಂಗ್ ಹಾಳಾದರೆ ಪಂಪಿಗೇ ಕೂರಿಸಿದ ಫ್ಯಾನು ರೇಡಿಯೇಟರನ್ನು ಸೀಳೀತು, ಯಾವುದೋ ಘಾಟಿಯಲ್ಲಿ, ಯಾರದೋ ಮಕ್ಕಳು ಹಿಂದೆ ಕೂತಿರುವಾಗ.

ಕೇಳದಿದ್ದುದನ್ನು ಹೇಳದಿದ್ದರೆ ಸುಳ್ಳಾಗುತ್ತದೆಯೇ? ನೀವೇ ಹೇಳಿ. ಹೆಣ್ಣು ನೋಡಲು ಬಂದ ದಿನ ಅಮ್ಮ ನನ್ನ ಉಬ್ಬಸದ ಸುದ್ದಿ ಎತ್ತಿರಲಿಲ್ಲ. ಅವಳನ್ನು ನಾನು ಬೈದಿಲ್ಲ. ಎತ್ತಿದ್ದರೆ ಈ ಮನೆಯೇ ನನ್ನದಾಗುತ್ತಿರಲಿಲ್ಲವೇನೋ. ಆದರೆ ಮೊದಲ ಚಳಿಗಾಲವಿಡೀ ಕೆಮ್ಮು ಕೇಳಿಸದಂತೆ ಸೆರಗು ಕಚ್ಚಿ ಮಲಗಿದವಳು ನಾನು.

ಶನಿವಾರ ನೀರಿಳಿಸಿ, ಬೆಲ್ಟು ಬಿಚ್ಚಿ, ಹೊಸ ಗ್ಯಾಸ್ಕೆಟ್ಟಿನೊಂದಿಗೆ ಹೊಸ ಪಂಪ್ ಕೂರಿಸಿದ್ದಾಯಿತು. ಹಳೆಯದನ್ನು ಡಿಕ್ಕಿಯಲ್ಲಿಡಿಸಿ, ಬಂದವರಿಗೆ ನಾನೇ ತೋರಿಸಿದೆ. ಅವರು ಅದನ್ನೇ ಹಿಡಿದುಕೊಂಡು ಎರಡು ಸಾವಿರ ಇಳಿಸಿದರು. ನಮ್ಮವರು ನನ್ನ ಮುಖ ನೋಡಿದರು.