ಅಳಲಾರದ ಮಗುವಿನ ಪರ ಯಾರು?

‘ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಬೇರೆಯವರ ಪರವಾಗಿ ಅಳುವುದನ್ನೇ ಉದ್ಯೋಗ ಮಾಡಿಕೊಂಡವರು ಸಾವಿರಾರು ಮಂದಿ ಇದ್ದಾರೆ. ಸಂಬಳ ಪಡೆದು ಶಾಸಕರ ಮುಂದೆ ಅಹವಾಲು ಹೇಳುವುದು ಅವರ ಕೆಲಸ. ಇದಕ್ಕೆ ‘ಲಾಬಿ’ ಎನ್ನುತ್ತಾರೆ. ನಿಮ್ಮ ಮಗನೋ ಮಗಳೋ ಇಂಥ ಕೆಲಸಕ್ಕೆ ಸೇರುತ್ತೇನೆಂದರೆ ನೀವೇನು ಹೇಳುವಿರಿ?

ಅಹವಾಲು ಹೇಳುವುದು ಪಾಪವಲ್ಲ. ಸರಕಾರಕ್ಕೆ ಮನವಿ ಸಲ್ಲಿಸುವ ಹಕ್ಕನ್ನು ಆ ದೇಶದ ಸಂವಿಧಾನವೇ ಕೊಟ್ಟಿದೆ. ಶಾಸನಸಭೆ ಮಂಜೂರು ಮಾಡದೆ ಖಜಾನೆಯಿಂದ ಒಂದು ಡಾಲರೂ ಹೊರಬರುವಂತಿಲ್ಲ. ಹಣ ಬೇಕಾದವರು ಅದರ ಬಾಗಿಲು ತಟ್ಟಲೇಬೇಕು. ಯಾರ ಪರ ತಟ್ಟುತ್ತಿದ್ದೇವೆಂದು ಬಹಿರಂಗಪಡಿಸಬೇಕೆಂದು 1995ರ ಕಾನೂನೊಂದು ವಿಧಿಸಿದೆ.

ಹಾಗಾದರೆ ತೊಡಕೆಲ್ಲಿ? ಸಕ್ಕರೆಯನ್ನೇ ನೋಡಿ. ಅಲ್ಲಿ ಆಮದಿಗೆ ಮಿತಿ ಹಾಕಿ ಸ್ವದೇಶಿ ಸಕ್ಕರೆಯ ಬೆಲೆಯನ್ನು ಕಾಪಾಡುತ್ತಾರೆ. ಕಬ್ಬು, ಬೀಟ್ ಬೆಳೆಯುವ ಕೆಲವೇ ಸಾವಿರ ಮಂದಿಗೆ ದೊಡ್ಡ ಲಾಭ. ಕೊಳ್ಳುವ ಕೋಟ್ಯಂತರ ಜನರಿಗೆ ತಲಾ ಸಣ್ಣ ನಷ್ಟ. ಲಾಭ ಪಡೆದವರು ಮಾತಾಡಲು ಜನ ಇಡುತ್ತಾರೆ. ನಾಲ್ಕು ಕಾಸು ಕಳಕೊಂಡವನಿಗೆ ಅದು ತಿಳಿಯುವುದೇ ಇಲ್ಲ.

‘ವಕೀಲನೂ ಒಬ್ಬರ ಪರವೇ ವಾದಿಸುತ್ತಾನಲ್ಲ?’ ಎಂದು ನೀವು ಕೇಳಬಹುದು. ನಿಜ. ಆದರೆ ನ್ಯಾಯಾಲಯದಲ್ಲಿ ಎದುರು ಪಕ್ಷಕ್ಕೂ ವಕೀಲನಿರುತ್ತಾನೆ. ಶಾಸಕನ ಕೋಣೆಯಲ್ಲಿ ಎಷ್ಟೋ ಸಲ ಆ ಕುರ್ಚಿ ಖಾಲಿ.

ಬಡ ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಪೌಷ್ಟಿಕ ಆಹಾರ ಒದಗಿಸುವ ‘ವಿಕ್’ ಎಂಬ ಯೋಜನೆಯೂ ಅಲ್ಲಿನ ಕೃಷಿ ಇಲಾಖೆಯದೇ. ಅದಕ್ಕೆ ಪ್ರತಿವರ್ಷವೂ ಹಣ ಹೊಸದಾಗಿ ಮಂಜೂರಾಗಬೇಕು. ಹಸುಗೂಸು ಯಾರನ್ನು ನೇಮಿಸೀತು? ಹೀಗೆ ದನಿಯಿಲ್ಲದವರಿಗಾಗಿಯೇ 1971ರ ಡಿಸೆಂಬರಿನಲ್ಲಿ 47 ಮಂದಿ ಕಥೋಲಿಕ ಭಗಿನಿಯರು ವಾಷಿಂಗ್ಟನ್‌ನಲ್ಲಿ ಸೇರಿ ‘ನೆಟ್‌ವರ್ಕ್’ ಎಂಬ ಸಂಸ್ಥೆಗೆ ಬುನಾದಿ ಹಾಕಿದರು. ಅವರದೂ ಲಾಬಿಯೇ.

ಎಲ್ಲರೂ ಆ ಭಗಿನಿಯರಂತೆ ದುಡಿಯಲಾರರು. ಸಂಬಳಕ್ಕೆ ದುಡಿಯುವವನು ಸಂಬಳ ಕೊಟ್ಟವರ ಪರ ಮಾತಾಡಲಿ, ತಪ್ಪಿಲ್ಲ. ಆದರೆ ‘ಇದರ ಹೊರೆ ಯಾರ ಮೇಲೆ ಬೀಳುತ್ತದೆ?’ ಎಂದು ಶಾಸಕ ಕೇಳಿದಾಗ ಅವನು ನಿಜ ಹೇಳಬೇಕು, ಕೇಳದಿದ್ದರೂ ಮುಚ್ಚಿಡಬಾರದು. ಖಾಲಿ ಕುರ್ಚಿಯವನಿಗೆ ಸಲ್ಲಬೇಕಾದ ಕನಿಷ್ಠ ನ್ಯಾಯ ಅದು. ಹಾಗೆ ನಡೆದರೆ ಕೆಲಸವೇ ಹೋದೀತು. ‘ಹೋದರೆ ಹೋಗಲಿ, ಮನೆಗೆ ಬಾ ಮಗಾ’ ಎನ್ನುವ ಧೈರ್ಯ ಹೆತ್ತವರಾದ ನಮಗಿದೆಯೇ? ಇಲ್ಲವಾದರೆ ಮಕ್ಕಳ ಪ್ರಾಮಾಣಿಕತೆಯನ್ನು ಪ್ರಶ್ನಿಸುವ ಹಕ್ಕು ನಮಗಿಲ್ಲ.

ಅಷ್ಟು ದೂರವೇಕೆ? ನಮ್ಮ ಬೀದಿಗೆ ರಸ್ತೆಯೋ ನೀರೋ ಬೇಕೆಂದು ಅರ್ಜಿ ಹಿಡಿದು ನಾವೂ ಶಾಸಕರ ಮನೆಗೆ ಹೋಗುತ್ತೇವೆ. ಹೋಗೋಣ. ಆದರೆ ನಮಗಿಂತ ಮೊದಲು ಅದು ಸಿಗಬೇಕಾದ ಕೇರಿಯೊಂದು ಪಕ್ಕದಲ್ಲಿದ್ದರೆ, ಅದರ ಹೆಸರನ್ನೂ ಅದೇ ಅರ್ಜಿಯಲ್ಲಿ ಬರೆಯೋಣ.