ಒಬ್ಬನೇ ಪ್ರೇಕ್ಷಕನ ಸಿನಿಮಾ

ಸಿನಿಮಾ ನಾಲ್ಕು ಜನ ಕೂತು ನೋಡುವ ಕಲೆ. ಜನಕ್ಕೆ ಏನು ಹಿಡಿಸಬಹುದೆಂದು ನಿರ್ಮಾಪಕ ಊಹಿಸುತ್ತಾನೆ. ಊಹೆ ಫಲಿಸಿದರೆ ಗೆಲ್ಲುತ್ತಾನೆ, ಇಲ್ಲದಿದ್ದರೆ ಮುಳುಗುತ್ತಾನೆ. ಆದರೆ ಊಹೆಯ ಗೊಡವೆಯೇ ಇಲ್ಲದ ಸಿನಿಮಾಗಳೂ ಇವೆ. ಅಲ್ಲಿ ಮೊದಲ ಪ್ರೇಕ್ಷಕ ಒಬ್ಬನೇ. ತನಗೆ ಬೇಕಾದದ್ದನ್ನು ಅವನೇ ಬರೆದು ಕಳಿಸುತ್ತಾನೆ, ಖರ್ಚನ್ನೂ ಅವನೇ ಕೊಡುತ್ತಾನೆ. ದರ್ಜಿಗೆ ಅಳತೆ ಕೊಟ್ಟು ಅಂಗಿ ಹೊಲಿಸಿಕೊಂಡ ಹಾಗೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ 1987ರಲ್ಲಿ ಗ್ಯಾರಿ ವಿಟ್ಸನ್ ಶುರುಮಾಡಿದ ವೇವ್ ಪ್ರೊಡಕ್ಷನ್ಸ್ ಇಂಥ ಸಿನಿಮಾಗಳಿಗೆ ಹೆಸರಾದ ಸಂಸ್ಥೆ. ಗಿರಾಕಿಗಳು ಅಂಚೆಯಲ್ಲಿ ಕತೆ ಕಳಿಸುತ್ತಿದ್ದರು. ಒಬ್ಬನಿಗೆ ನಾಯಕಿ ಹೂಳುಮರಳಿನಲ್ಲಿ ಸಿಕ್ಕಿಕೊಳ್ಳಬೇಕು, ಇನ್ನೊಬ್ಬನಿಗೆ ಅವಳನ್ನು ಕುರ್ಚಿಗೆ ಕಟ್ಟಿಹಾಕಬೇಕು, ಮತ್ತೊಬ್ಬನಿಗೆ ಅವಳ ಕತ್ತು ಹಿಸುಕಿದಂತೆ ನಟಿಸಬೇಕು. ಸಾಮಾನ್ಯ ವಿಡಿಯೊ ಕ್ಯಾಮೆರಾ, ಪರಿಚಿತರ ಮನೆ, ಹಿತ್ತಲು, ಸಕ್ಕರೆ ಪಾಕದಂಥ ನಕಲಿ ರಕ್ತ. ಒಬ್ಬನಿಗಾಗಿ ಮಾಡಿದ ಟೇಪುಗಳು ಆಮೇಲೆ ಅದೇ ರುಚಿಯ ಇತರರ ಕೈಗೂ ಹೋದವು, ಒಂದು ಸಣ್ಣ ಅಭಿಮಾನಿ ಬಳಗವೂ ಬೆಳೆಯಿತು. 2020ರಲ್ಲಿ ಈ ಸಂಸ್ಥೆಯ ಮೇಲೆಯೇ ಒಂದು ಸಾಕ್ಷ್ಯಚಿತ್ರ ಬಂತು.

ಇದನ್ನು ಕೇಳಿದಾಗ ನಮ್ಮ ಮೊದಲ ಪ್ರತಿಕ್ರಿಯೆ ಮುಖ ಸಿಂಡರಿಸುವುದು. ಇಂಥದ್ದನ್ನು ಬಯಸುವವನು ಎಂಥ ಮನುಷ್ಯ ಎಂದು ಕೇಳುತ್ತೇವೆ. ಈ ಪ್ರಶ್ನೆಯಿಂದ ಹೆಚ್ಚೇನೂ ಸಿಗುವುದಿಲ್ಲ ಅನ್ನಿಸುತ್ತದೆ. ಒಂದು ವಸ್ತುವಿಗೆ, ಒಂದು ಭಂಗಿಗೆ, ಒಂದು ಸನ್ನಿವೇಶಕ್ಕೆ ಅಂಟಿಕೊಂಡ ಕಾಮನೆಯನ್ನು ಯಾರೂ ಅಂಗಡಿಯಲ್ಲಿ ಆರಿಸಿ ತಂದಿರುವುದಿಲ್ಲ. ಅದು ಹೇಗೆ ಬಂತೆಂದು ಅವನಿಗೇ ತಿಳಿದಿರುವುದಿಲ್ಲ. ಬಯಕೆ ಮನಸ್ಸಿನೊಳಗೆ ಏಳುವ ಸಂಗತಿ. ಆರ್ಡರ್ ಕೊಡುವುದು ಹಾಗಲ್ಲ, ಅದೊಂದು ಕೆಲಸ: ಕಾಗದ ತೆಗೆದುಕೊಂಡು ಬರೆಯಬೇಕು, ಹಣ ಕಳಿಸಬೇಕು, ಇನ್ನೊಬ್ಬರ ದೇಹವನ್ನು ಆ ಬಯಕೆಯ ಆಕಾರಕ್ಕೆ ತಂದು ನಿಲ್ಲಿಸಬೇಕು. ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿ.

ಸಾಮಾನ್ಯ ಪ್ರೇಕ್ಷಕನಿಗೆ ಒಂದು ಸಮಜಾಯಿಷಿ ಇದೆ. ‘ಸಿನಿಮಾ ಆಗಲೇ ತಯಾರಾಗಿತ್ತು, ನಾನು ನೋಡಿದೆ ಅಷ್ಟೇ’ ಎಂದು ಅವನು ಹೇಳಬಹುದು. ಅವನು ಟಿಕೆಟ್ ಕೊಳ್ಳದಿದ್ದರೂ ಆ ದೃಶ್ಯ ಇದ್ದೇ ಇರುತ್ತಿತ್ತು. ಆರ್ಡರ್ ಕೊಟ್ಟವನು ಹೀಗೆ ಹೇಳಲಾರ. ಅವನು ಕೇಳದಿದ್ದರೆ ಆ ಮಧ್ಯಾಹ್ನ ಆ ಹೆಣ್ಣುಮಗಳು ಆ ಹಗ್ಗದ ಮುಂದೆ ಕೂರುತ್ತಿರಲಿಲ್ಲ.

ಹಾಗೆಂದು ಆರ್ಡರ್ ಕೊಟ್ಟದ್ದೇ ಪಾಪವೆನ್ನಲೂ ಆಗದು. 1866ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಆಟೊಮನ್ ರಾಜತಾಂತ್ರಿಕ ಖಲೀಲ್ ಬೇಗಾಗಿ ಗುಸ್ತಾವ್ ಕೂರ್ಬೆ ಒಂದು ಚಿತ್ರ ಬರೆದ. ಬೆತ್ತಲೆ ಹೆಣ್ಣಿನ ಮೈಯ ಒಂದು ಭಾಗವಷ್ಟೇ ಅದರಲ್ಲಿದೆ, ಮುಖವಿಲ್ಲ. ಖಲೀಲ್ ಬೇ ಅದನ್ನು ಹಸಿರು ಪರದೆಯ ಹಿಂದೆ ಇಟ್ಟುಕೊಂಡಿದ್ದನೆಂದು ಆ ಕಾಲದವರು ಬರೆದಿದ್ದಾರೆ. 1955ರಲ್ಲಿ ಅದನ್ನು ಕೊಂಡವನು ಮನೋವಿಶ್ಲೇಷಕ ಜಾಕ್ ಲಕಾನ್. ಅವನೂ ಅದರ ಮೇಲೆ ಇನ್ನೊಂದು ಚಿತ್ರಫಲಕದ ಮುಚ್ಚಳ ಮಾಡಿಸಿದ. 1995ರಿಂದ ಅದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನ ಗೋಡೆಯ ಮೇಲಿದೆ, ಶಾಲೆಯ ಮಕ್ಕಳೂ ಅದರ ಮುಂದೆ ಹಾದುಹೋಗುತ್ತಾರೆ. ಒಬ್ಬ ಶ್ರೀಮಂತನ ಗುಟ್ಟಿನ ಆಸೆಗೆ ಹುಟ್ಟಿದ್ದು ಕಲೆಯ ಇತಿಹಾಸವಾಯಿತು. ಈ ಕತೆಯಲ್ಲಿ ಮಾಡಿಸಿದವನ ಹೆಸರಿದೆ, ಬರೆದವನ ಹೆಸರಿದೆ, ಕೊಂಡವನ ಹೆಸರೂ ಇದೆ. ಕ್ಯಾನ್ವಾಸಿನ ಮೇಲಿರುವವಳ ಹೆಸರು ಮಾತ್ರ ನೂರೈವತ್ತು ವರ್ಷ ಊಹಾಪೋಹವಾಗಿಯೇ ಉಳಿಯಿತು. ಆಕೆ ಪ್ಯಾರಿಸ್ ಒಪೆರಾದ ನರ್ತಕಿ ಕೊನ್ಸ್ತಾನ್ಸ್ ಕೆನಿಯೊ ಇರಬೇಕೆಂದು ಹಳೆಯ ಪತ್ರವೊಂದರ ಆಧಾರದ ಮೇಲೆ 2018ರಲ್ಲಿ ಹೇಳಲಾಯಿತು.

ಮಾಡಿಸಿದವನ ಆಸೆಯನ್ನು ಅಳೆಯುವ ಬದಲು, ಅವನ ಎದುರು ನಿಂತವರ ಪಾಡನ್ನು ನೋಡಿದರೆ ವಿಷಯ ಸ್ವಲ್ಪ ತಿಳಿಯಾಗುತ್ತದೆ.

1940ರ ದಶಕದಲ್ಲಿ ಅನಾಯಿಸ್ ನಿನ್ ಅನಾಮಧೇಯ ಸಂಗ್ರಾಹಕನೊಬ್ಬನಿಗಾಗಿ ಪುಟಕ್ಕೆ ಒಂದು ಡಾಲರಿನಂತೆ ಕಾಮಕತೆಗಳನ್ನು ಬರೆದಳು. ಕಾವ್ಯ ಬೇಡ, ಕಾಮ ಮಾತ್ರ ಸಾಕು ಎಂಬುದು ಅವನ ತಾಕೀತು. ಅವಳಿಗೆ ಸಿಟ್ಟು ಬಂತು, ಆದರೂ ಬರೆದಳು, ಬರೆಯುತ್ತ ಅವನು ಬೇಡವೆಂದದ್ದನ್ನೇ ಸಂದಿಗೊಂದಿಗಳಲ್ಲಿ ತುಂಬಿದಳು. ಆ ಕತೆಗಳು 1977ರಲ್ಲಿ ಪುಸ್ತಕವಾಗಿ ಬಂದಾಗ ಓದುಗರಿಗೆ ಅವುಗಳಲ್ಲಿ ಹೆಣ್ಣಿನದೇ ದನಿ ಕೇಳಿಸಿತು. ಬರೆಯುವವರಿಗೆ ಈ ಅನುಕೂಲವಿದೆ. ಹೇಳಿದ್ದನ್ನು ಮಾಡುತ್ತಲೇ ಹೇಳದ್ದನ್ನೂ ನುಸುಳಿಸಬಹುದು. ಕತೆಯೊಳಗಿನ ಹೆಂಗಸಿಗೆ ಹಗ್ಗ ಬಿಗಿದರೆ ಯಾರ ಮಣಿಕಟ್ಟೂ ಕೆಂಪಾಗುವುದಿಲ್ಲ.

ಕ್ಯಾಮೆರಾ ಎದುರು ಹಾಗಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಅರ್ವಿಂಗ್ ಕ್ಲಾ, ಅವನ ತಂಗಿ ಪೌಲಾ ಇಬ್ಬರೂ ಗಿರಾಕಿಗಳು ಕೇಳಿದಂತೆ ಹೆಂಗಸರನ್ನು ಕಟ್ಟಿಹಾಕಿದ ಫೋಟೊ, ಕಿರುಚಿತ್ರಗಳನ್ನು ತಯಾರಿಸಿ ಅಂಚೆಯಲ್ಲಿ ಮಾರುತ್ತಿದ್ದರು. ಕಾನೂನಿನ ಭಯಕ್ಕೆ ನಗ್ನತೆ ಇರಲಿಲ್ಲ. ಹಗ್ಗ ಕಟ್ಟುತ್ತಿದ್ದವಳು ಹೆಚ್ಚಾಗಿ ಪೌಲಾ. ಅಲ್ಲಿನ ಪ್ರಸಿದ್ಧ ರೂಪದರ್ಶಿ ಬೆಟ್ಟಿ ಪೇಜ್. ವಯಸ್ಸಾದ ಮೇಲೆ ಸಂದರ್ಶನದಲ್ಲಿ ಆಕೆ ಹೇಳಿದ ಒಂದು ಮಾತು ನನಗೆ ಮುಖ್ಯವೆನಿಸುತ್ತದೆ: ಶನಿವಾರದ ಚಿತ್ರೀಕರಣದ ಸಂಬಳ ಸಿಗಬೇಕಾದರೆ ಒಂದು ಗಂಟೆ ಕಟ್ಟಿಸಿಕೊಳ್ಳಲೇಬೇಕಿತ್ತು, ಆ ಕಾರಣಕ್ಕೇ ಮಾಡಿದೆ. ಇದು ಬಲವಂತವೇ? ಯಾರೂ ಬೆದರಿಸಲಿಲ್ಲ. ಇದು ಮನಃಪೂರ್ವಕ ಒಪ್ಪಿಗೆಯೇ? ಅದೂ ಅಲ್ಲ. ನಮ್ಮಲ್ಲಿ ಬಹಳ ಮಂದಿ ಕೆಲಸಕ್ಕೆ ಕೊಡುವ ಒಪ್ಪಿಗೆ ಇದೇ ಜಾತಿಯದು. ಬಾಡಿಗೆ ಕಟ್ಟಬೇಕಾದವರು ಹೂಂ ಎನ್ನುತ್ತಾರೆ. ಆದ್ದರಿಂದ ‘ಒಪ್ಪಿದ್ದಳೇ?’ ಎಂದು ಕೇಳಿ ಸುಮ್ಮನಾಗಬಾರದು. ‘ಒಲ್ಲೆ ಎಂದಿದ್ದರೆ ಅವಳು ಏನನ್ನು ಕಳೆದುಕೊಳ್ಳುತ್ತಿದ್ದಳು?’ ಎಂದೂ ಕೇಳಬೇಕು.

ಒಪ್ಪಿಗೆಗೆ ಕಾಲದ ತೊಡಕೂ ಇದೆ. 1955ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ಕ್ಲಾನನ್ನು ವಿಚಾರಣೆಗೆ ಕರೆಯಿತು, ಅವನು ಉತ್ತರಿಸಲು ನಿರಾಕರಿಸಿದ. ಮುಂದೆ ಕೇಸುಗಳ ಕಾಟಕ್ಕೆ ನೆಗೆಟಿವ್‌ಗಳನ್ನು ಸುಟ್ಟ. ಪೌಲಾ ಕೆಲವನ್ನು ಗುಟ್ಟಾಗಿ ಉಳಿಸಿಕೊಂಡಳು. ಸಾವಿರ ಕೈಗಳಲ್ಲಿ ಅವು ಮತ್ತೆ ಅಚ್ಚಾದವು. ಬೆಟ್ಟಿ ಪೇಜ್ ಮಾತ್ರ ಆ ವೃತ್ತಿ ಬಿಟ್ಟು, ಮನೋರೋಗದಿಂದ ನರಳಿ, ತನ್ನ ಮುಖ ಪೋಸ್ಟರುಗಳ ಮೇಲೆ ಮಾರಾಟವಾಗುತ್ತಿದೆ ಎಂಬ ಸುದ್ದಿಯೂ ಇಲ್ಲದೆ, ಅದರ ಒಂದು ಕಾಸೂ ಕಾಣದೆ ಎಷ್ಟೋ ವರ್ಷ ಕಳೆದಳು. ಆಕೆ ಒಪ್ಪಿದ್ದು ಒಂದು ಶನಿವಾರದ ಒಂದು ಗಂಟೆಗೆ. ಅದು ಐವತ್ತು ವರ್ಷ ನಡೆಯಿತು. ವೇವ್ ಟೇಪುಗಳಲ್ಲಿ ಸತ್ತಂತೆ ಬಿದ್ದ ನಟಿ ‘ಕಟ್’ ಎಂದ ಮೇಲೆ ಎದ್ದು, ಬಣ್ಣ ಒರೆಸಿಕೊಂಡು, ಸಂಬಳ ಎಣಿಸಿಕೊಂಡು ಮನೆಗೆ ಹೋಗುತ್ತಾಳೆ. ನಟನೆಯೆಂಬ ಆ ಗೋಡೆ ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಟೇಪು ಅವಳ ಹಿಂದೆ ಮನೆಗೆ ಹೋಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಎಲ್ಲರೂ ಒಪ್ಪಿ, ಸರಿಯಾದ ಸಂಬಳ ಪಡೆದು, ನಟನೆಯೆಂದೇ ಮಾಡಿದರೂ, ಪ್ರತಿ ಸಲವೂ ಮುಳುಗುವವಳು, ಸಾಯುವವಳು ಹೆಣ್ಣೇ ಆಗಿರುವುದು ಏನನ್ನು ಹೇಳುತ್ತದೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಇದನ್ನು ವೇವ್‌ಗೆ ಕೇಳುವ ಮುನ್ನ, ಕೋಟಿಗಟ್ಟಲೆ ಸುರಿದು ತೆಗೆದ, ಕುಟುಂಬ ಸಮೇತ ನೋಡುವ ಚಿತ್ರಗಳಿಗೂ ಕೇಳಬೇಕು. ಅಲ್ಲಿ ನಾಯಕನ ಸೇಡಿಗೆ ಕಾರಣ ಬೇಕೆಂದು ಎಷ್ಟು ತಂಗಿಯರು, ಎಷ್ಟು ಹೆಂಡಂದಿರು ಸತ್ತಿದ್ದಾರೆ! ಆ ಆರ್ಡರ್ ಕೊಟ್ಟವರು ಯಾರು ಎಂದು ಹುಡುಕಿದರೆ ಒಬ್ಬ ಗಿರಾಕಿ ಸಿಗುವುದಿಲ್ಲ, ಒಂದು ಇಡೀ ಚಿತ್ರಮಂದಿರ ಸಿಗುತ್ತದೆ.

ಗೋಡೆಯೇ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಸಣ್ಣ ಪ್ರಾಣಿಗಳನ್ನು ತುಳಿದು ಕೊಲ್ಲುವ ವಿಡಿಯೊಗಳನ್ನು ಬಯಸುವವರಿಗಾಗಿ ತಯಾರಿಸುವುದು ಅಮೆರಿಕದಲ್ಲಿ ಒಂದು ದಂಧೆಯಾಗಿ, 1999ರಲ್ಲಿ ಅದರ ವಿರುದ್ಧ ಕಾನೂನು ಬಂತು. ಬೇಟೆಯ ಚಿತ್ರಗಳೂ ಸಿಕ್ಕಿಬೀಳುವಷ್ಟು ಅದು ವಿಶಾಲವಾಗಿದೆ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿದಾಗ, ಅದೇ ವರ್ಷ ಡಿಸೆಂಬರಿನಲ್ಲಿ ಹೆಚ್ಚು ಬಿಗಿಯಾದ ಇನ್ನೊಂದು ಕಾನೂನು ಮಾಡಿದರು. 2023ರಲ್ಲಿ ಬಿಬಿಸಿ ಹೊರಗೆಳೆದ ಸುದ್ದಿ ಇನ್ನೂ ಭೀಕರ. ಅಮೆರಿಕ, ಬ್ರಿಟನ್ನಿನಲ್ಲಿ ಕೂತವರು ದುಡ್ಡು ಕೂಡಿಸಿ, ಇಂಡೊನೇಷ್ಯಾದಲ್ಲಿ ಕೋತಿಮರಿಗಳನ್ನು ಹೀಗೆ ಹೀಗೆ ಹಿಂಸಿಸಬೇಕೆಂದು ಬರೆದು ಕಳಿಸುತ್ತಿದ್ದರು. ಹಿಂಸಿಸಿದವರಿಗೂ ಆರ್ಡರ್ ಕೊಟ್ಟವರಿಗೂ ಜೈಲಾಯಿತು. ಅವರಲ್ಲಿ ಯಾರ ಕೈಗೂ ನೆತ್ತರು ಅಂಟಿಲ್ಲವೆಂದು ವಾದಿಸಿದರೂ, ಆ ಮರಿಗೆ ಒಲ್ಲೆ ಎನ್ನುವ ಬಾಯಿರಲಿಲ್ಲ, ‘ಕಟ್’ ಎಂದ ಮೇಲೆ ಅದು ಎದ್ದೂ ಬರಲಿಲ್ಲ.

ಕೂರ್ಬೆಯ ಕ್ಯಾನ್ವಾಸಿನಿಂದ ಈ ಕೋತಿಮರಿಯವರೆಗೆ ಬಯಕೆಗಳನ್ನು ವಿಕಾರದ ಪ್ರಮಾಣಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿ, ನಡುವೆ ಎಲ್ಲೋ ಗೆರೆ ಎಳೆಯುವುದು ಸುಲಭ. ಹಾಗೆ ಎಳೆದ ಗೆರೆ ನಮ್ಮ ನಮ್ಮ ಅಸಹ್ಯದ ಅಳತೆಯಷ್ಟೇ ಆಗಿರುತ್ತದೆ. ನಾನು ಕೇಳಬೇಕೆನ್ನುವ ಪ್ರಶ್ನೆಗಳು ಬೇರೆ. ಎದುರಿಗಿರುವ ಜೀವ ಎದ್ದು ಹೋಗಬಹುದೇ? ಹೋದರೆ ಅದಕ್ಕೆ ಎಷ್ಟು ನಷ್ಟ? ಅದು ಒಪ್ಪಿದ್ದು ಎಷ್ಟು ಹೊತ್ತಿಗೆ, ಎಷ್ಟು ಕಣ್ಣಿಗೆ?

ಇಂದು ಫೋನಿನಲ್ಲೇ ದುಡ್ಡು ಕಳಿಸಿ, ತೆರೆಯ ಆಚೆಗಿರುವವರಿಗೆ ‘ಹೀಗೆ ಮಾಡಿ’ ಎಂದು ಬರೆಯಬಹುದು. ಹಾಡು ಹಾಡಿ ಎನ್ನುವವರಿದ್ದಾರೆ, ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿ ಎನ್ನುವವರಿದ್ದಾರೆ, ಇನ್ನೇನನ್ನೋ ಕೇಳುವವರೂ ಇದ್ದಾರೆ. ಖಲೀಲ್ ಬೇಗೆ ಸಿರಿತನ ಬೇಕಿತ್ತು, ವೇವ್‌ನ ಗಿರಾಕಿಗೆ ಕಾಗದ, ಲಕೋಟೆ, ತಿಂಗಳುಗಟ್ಟಲೆ ತಾಳ್ಮೆ ಬೇಕಿತ್ತು. ಕೇಳುವುದಕ್ಕೂ ಸಿಗುವುದಕ್ಕೂ ನಡುವೆ ಯೋಚಿಸಲು ಅವರಿಗಿದ್ದ ಆ ಬಿಡುವು ನಮಗೆ ಉಳಿದಿಲ್ಲ. ಆದ್ದರಿಂದ ಆ ಮೂರು ಪ್ರಶ್ನೆಗಳನ್ನು ಕಳಿಸುವ ಗುಂಡಿ ಒತ್ತುವ ಮೊದಲೇ ಕೇಳಿಕೊಳ್ಳಬೇಕಾಗಿದೆ.